ಮೆಟ್ಟಿಲು ಎತ್ತರವಾದದ್ದು ಚಾಸಿಯಿಂದ

ಬಸ್ಸು ಹತ್ತಲಾರದೆ ಒದ್ದಾಡುವ ವಯಸ್ಸಾದವರನ್ನು ಕಂಡಾಗ ಪಕ್ಕದಲ್ಲಿ ನಿಂತವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, ‘ಸ್ವಲ್ಪ ಕೈ ಕೊಡ್ರಪ್ಪ’. ಇನ್ನೊಂದು, ‘ಇನ್ನೊಂದು ಮೆಟ್ಟಿಲು ಇಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು’. ಎರಡನೆಯ ಮಾತಿನ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಿ ಮುಟ್ಟುತ್ತಿರುವುದು ಬಸ್ಸಿನ ಬಾಡಿ ಕಟ್ಟಿದವರಿಗೆ, ಅವರ ಕೈಯಲ್ಲಿ ಏನೂ ಇಲ್ಲ. ಅವರ ಯಾರ್ಡಿಗೆ ಬರುವ ಚಾಸಿ ಎಷ್ಟು ಎತ್ತರವೋ ಬಸ್ಸಿನ ನೆಲ ಅದಕ್ಕಿಂತ ಒಂದಿಷ್ಟು ಮೇಲೆಯೇ ಕೂರಬೇಕು. ಆ ಎತ್ತರ ತೀರ್ಮಾನವಾಗುವುದು ಡ್ರಾಯಿಂಗ್ ಮೇಜಿನ ಮೇಲೆ, ಅದಕ್ಕೂ ಮೊದಲು ಖರೀದಿಯ ಟೆಂಡರಿನಲ್ಲಿ.

ನಾನು ಉದ್ಯೋಗದ ವರ್ಷಗಳನ್ನೆಲ್ಲ ಅಂಥ ಮೇಜಿನ ಮುಂದೆ ಕಳೆದವನು. ಭಾರಿ ವಾಹನಗಳ ಚಾಸಿ ವಿಭಾಗ ನನ್ನದು. ಫ್ರೇಮು, ಕ್ರಾಸ್ ಮೆಂಬರು, ಸ್ಪ್ರಿಂಗ್ ಪ್ಲೇಟು, ಹ್ಯಾಂಗರು, ಶ್ಯಾಕಲ್ಲು, ಯು ಬೋಲ್ಟು ಇವುಗಳ ಅಳತೆ, ಬಲ, ಆಯುಸ್ಸು ಲೆಕ್ಕ ಹಾಕುವುದೇ ಕೆಲಸ. ನಿವೃತ್ತಿಯ ಮೇಲೆ ತಿಪಟೂರಿನ ಕಡೆಯ ನಮ್ಮೂರಿಗೂ ಬೆಂಗಳೂರಿಗೂ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. ಡೀಸೆಲ್ ಬಸ್ಸುಗಳು ಹೋಗಿ ವಿದ್ಯುತ್ ಬಸ್ಸುಗಳು ಬರುತ್ತಿರುವ ಈ ಹೊತ್ತಿನಲ್ಲಿ ಒಂದು ಮಾತು ಹೇಳಲೇಬೇಕಾಗಿದೆ. ಬಸ್ಸು ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದರ ನೆಲ ರಸ್ತೆಯಿಂದ ಎಷ್ಟು ಮಿಲಿಮೀಟರ್ ಮೇಲಿದೆ ಎಂಬ ಪ್ರಶ್ನೆ. ನಾವು ಅದನ್ನು ಕೇಳುವುದೇ ಇಲ್ಲ.

ನಮ್ಮ ಸಾಮಾನ್ಯ ಸಾರಿಗೆ ಬಸ್ಸಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಮೇಲಿರುತ್ತದೆ. ಯಾಕೆ ಅಷ್ಟು ಎತ್ತರ? ಕೆಳಗಿನಿಂದ ಒಂದೊಂದಾಗಿ ಕೂಡಿಸುತ್ತ ಬನ್ನಿ. ಚಕ್ರದ ವ್ಯಾಸ ಸರಿಸುಮಾರು ಒಂದು ಮೀಟರ್, ಅಂದರೆ ಅಚ್ಚಿನ ನಡುಮಧ್ಯ ರಸ್ತೆಯಿಂದ ಅರ್ಧ ಮೀಟರ್ ಎತ್ತರದಲ್ಲಿದೆ. ಅಚ್ಚಿನ ಮೇಲೆ ಸ್ಪ್ರಿಂಗ್ ಪ್ಲೇಟುಗಳ ಕಟ್ಟು. ಗುಂಡಿಗೆ ಬಿದ್ದಾಗ ಚಕ್ರ ಮೇಲೆ ಜಿಗಿಯುತ್ತದೆ, ಆಗ ಅಚ್ಚು ಫ್ರೇಮಿಗೆ ಬಡಿಯದ ಹಾಗೆ ನಡುವೆ ಜಾಗ ಬಿಡಬೇಕು. ಅದರ ಮೇಲೆ ಫ್ರೇಮು. ಬಸ್ಸಿನ ಉದ್ದಕ್ಕೂ ಹೋಗುವ ಎರಡು ಉಕ್ಕಿನ ತೊಲೆಗಳು, ಅವುಗಳನ್ನು ಅಡ್ಡಡ್ಡ ಜೋಡಿಸುವ ಕ್ರಾಸ್ ಮೆಂಬರುಗಳು, ನೆಲದ ಮೇಲೆ ಮಲಗಿಸಿಟ್ಟ ಏಣಿಯಂತೆ ಕಾಣುವ ಈ ಜೋಡಣೆಯ ತೊಲೆಯೊಂದೇ ಒಂದು ಗೇಣಿನಷ್ಟು ಎತ್ತರ. ಅದರ ಮೇಲೆ ಬಾಡಿಯವರು ಕೂರಿಸುವ ಅಡ್ಡಪಟ್ಟಿಗಳು, ಅದರ ಮೇಲೆ ಹಲಗೆ, ಅದರ ಮೇಲೆ ರಬ್ಬರ್ ಹಾಸು. ಕೂಡಿಸಿದರೆ ಮೀಟರ್ ದಾಟಲೇಬೇಕು. ಇದರಲ್ಲಿ ಬಾಡಿ ಕಟ್ಟುವವರ ಪಾಲು ಕೊನೆಯ ನಾಲ್ಕು ಬೆರಳು ಮಾತ್ರ.

ಮನೆಯ ಮೆಟ್ಟಿಲು ಕಟ್ಟುವ ಮೇಸ್ತ್ರಿ ಒಂದೊಂದು ಮೆಟ್ಟಿಲಿಗೂ 150ರಿಂದ 175 ಮಿಲಿಮೀಟರ್ ಎತ್ತರ ಕೊಡುತ್ತಾನೆ. ಆ ಲೆಕ್ಕದಲ್ಲಿ ಬಸ್ಸಿನ ನೆಲ ಮುಟ್ಟಲು ಆರೋ ಏಳೋ ಮೆಟ್ಟಿಲು ಬೇಕು. ಬಾಗಿಲಲ್ಲಿ ಅಷ್ಟಕ್ಕೆ ಜಾಗವಿಲ್ಲ, ಎರಡು ಮೂರರಲ್ಲಿ ಮುಗಿಸುತ್ತಾರೆ. ಬಸ್ಸು ನಿಲ್ದಾಣದ ಕಲ್ಲಿಗೆ ತಾಗಿ ನಿಲ್ಲದೆ ರಸ್ತೆಯ ಮಧ್ಯೆ ನಿಂತರೆ ಮೊದಲ ಮೆಟ್ಟಿಲು ಇನ್ನೂ ಒಂದು ಹಿಡಿ ಮೇಲೆ ಹೋಗುತ್ತದೆ.

ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲು ಸವೆದಿವೆ. ಬಿ.ಪಿ. ಮಾತ್ರೆಗೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಹೋದಾಗ ಸಂತೆಯನ್ನೂ ಮುಗಿಸಿಕೊಂಡು ಬರಬೇಕು. ಅವಳು ಬಸ್ಸು ಹತ್ತುವುದನ್ನು ಚಾಸಿ ವಿನ್ಯಾಸ ಮಾಡುವ ಪ್ರತಿಯೊಬ್ಬ ಎಂಜಿನಿಯರ್ ನಿಂತು ನೋಡಬೇಕು. ಮೊದಲು ಕೈಚೀಲವನ್ನು ಮೇಲಿನ ಮೆಟ್ಟಿಲ ಮೇಲೆ ಇಡುತ್ತಾಳೆ. ಎಡಗೈಯಲ್ಲಿ ನೆರಿಗೆ ಎತ್ತಿ ಹಿಡಿಯುತ್ತಾಳೆ. ಉಳಿದದ್ದು ಬಲಗೈ ಒಂದೇ, ಅದರಲ್ಲಿ ಕಂಬಿ ಹಿಡಿದು ಮೈಭಾರವನ್ನೆಲ್ಲ ಎಳೆದುಕೊಳ್ಳಬೇಕು. ಇಳಿಯುವುದು ಇನ್ನೂ ಕಷ್ಟ. ಬಸ್ಸಿನ ಒಳಕ್ಕೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯುತ್ತಾಳೆ, ಕಾಲು ಗಾಳಿಯಲ್ಲಿ ರಸ್ತೆಯನ್ನು ಹುಡುಕುತ್ತಿರುತ್ತದೆ. ಕಂಡಕ್ಟರ್ ಒಳ್ಳೆಯವನಾದರೆ ‘ನಿಧಾನಕ್ಕೆ ಇಳೀರಿ ಅಜ್ಜಿ’ ಅನ್ನುತ್ತಾನೆ, ಅವಸರದಲ್ಲಿದ್ದರೆ ಸೀಟಿ ಊದುತ್ತಾನೆ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ‘ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ ಅಕ್ಕ’ ಎಂದೆ. ‘ದುಡ್ಡು ಬೇಡ ಅಂದ್ರೆ ಆಯ್ತೇನೋ, ಕಾಲು ಎತ್ತಬೇಕಲ್ಲ’ ಎಂದಳು.

ಅವಳ ಆ ಮಾತಿನಲ್ಲಿ ಸರ್ಕಾರ ಗಮನಿಸಬೇಕಾದ ಒಂದು ವಿಷಯವಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಎಸಿ ಬಸ್ಸುಗಳು ಆ ಯೋಜನೆಯ ಹೊರಗಿವೆ. ಬೆಂಗಳೂರಿನ ಜನ ಮೊದಲು ತಗ್ಗು ನೆಲದ ಬಸ್ಸು ನೋಡಿದ್ದು 2006ರ ಸುಮಾರಿಗೆ, ವೋಲ್ವೊ ಬಸ್ಸುಗಳು ವಜ್ರದ ಹೆಸರಿನಲ್ಲಿ ಬಂದಾಗ. ಅವು ಎಸಿ ಬಸ್ಸುಗಳು. ಹೀಗಾಗಿ ಹತ್ತಲು ಸುಲಭವಾದ ಬಸ್ಸು ಹೆಚ್ಚು ದುಡ್ಡು ಕೊಡುವವರಿಗೆ, ಎತ್ತರದ ಬಸ್ಸು ಮೊಣಕಾಲು ಸವೆದವರಿಗೆ, ಬಸುರಿಯರಿಗೆ, ಕಂಕುಳಲ್ಲಿ ಮಗು ಇಟ್ಟುಕೊಂಡವರಿಗೆ ಎಂಬ ವ್ಯವಸ್ಥೆ ಬೆಳೆದುಬಂದಿದೆ. ತಂಪು ಗಾಳಿಗೆ ಹೆಚ್ಚು ದರ ಕೇಳಲಿ, ಒಪ್ಪಬಹುದು. ತಗ್ಗಿನ ನೆಲ ಐಷಾರಾಮದ ಪಟ್ಟಿಯಲ್ಲಿ ಸೇರಬಾರದು.

ನಮ್ಮ ಬಸ್ಸುಗಳು ಎತ್ತರವಾದದ್ದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ದಶಕಗಳ ಕಾಲ ನಾವು ಲಾರಿಯ ಚಾಸಿಯ ಮೇಲೆಯೇ ಬಸ್ಸು ಕಟ್ಟಿದೆವು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಿಂದೆಲ್ಲ ದಿನವೂ ಕಾಣುತ್ತಿದ್ದ ನೋಟವಿದು: ಬಾಡಿಯಿಲ್ಲದ ಬರಿಯ ಚಾಸಿಗಳ ಸಾಲು, ಮೇಲೊಂದು ತಾತ್ಕಾಲಿಕ ಆಸನ, ತಲೆಗೆ ಟವೆಲ್ಲು ಸುತ್ತಿ ಹೆಲ್ಮೆಟ್ ಹಾಕಿಕೊಂಡು ಬಿಸಿಲು ಮಳೆಯಲ್ಲಿ ಓಡಿಸುವ ಚಾಲಕ. ಆ ಚಾಸಿ ಮುಂದೆ ಲಾರಿಯಾಗಬಹುದಿತ್ತು, ಬಸ್ಸೂ ಆಗಬಹುದಿತ್ತು. ಒಂದೇ ಬಗೆಯ ಫ್ರೇಮಾದರೆ ಬಿಡಿಭಾಗ ಅಗ್ಗ. ಎಂಜಿನ್ ಮುಂದಿದ್ದರೆ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತದೆ, ಧೂಳು ಕಡಿಮೆ. ಯಾವ ಊರಿನ ಮೆಕ್ಯಾನಿಕ್ಕಾದರೂ ಡ್ರೈವರ್ ಪಕ್ಕದ ಬಾನೆಟ್ ಎತ್ತಿ ಕೆಲಸ ಮಾಡಬಹುದು. ಸ್ಪ್ರಿಂಗ್ ಪ್ಲೇಟ್ ಮುರಿದರೆ ರಸ್ತೆ ಬದಿಯಲ್ಲೇ ಬದಲಾಯಿಸಬಹುದು. ರಸ್ತೆ ಕೆಟ್ಟಿದ್ದ, ವರ್ಕ್‌ಶಾಪು ದೂರವಿದ್ದ ಕಾಲಕ್ಕೆ ಇದು ಯೋಗ್ಯವಾದ ಎಂಜಿನಿಯರಿಂಗ್ ಆಗಿತ್ತು, ಅದನ್ನು ಮಾಡಿದ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದಿನ ಎಂಜಿನ್ನಿನ ಬಲ ಹಿಂದಿನ ಅಚ್ಚಿಗೆ ಮುಟ್ಟಬೇಕಾದರೆ ಬಸ್ಸಿನ ಹೊಟ್ಟೆಯಡಿ ಉದ್ದಕ್ಕೂ ಪ್ರೊಪೆಲ್ಲರ್ ಶಾಫ್ಟ್ ತಿರುಗಬೇಕು. ಅದು ತಿರುಗುವವರೆಗೂ ನೆಲ ಕೆಳಗಿಳಿಯಲಾರದು. ಲಾರಿಗೆ ಇದರಿಂದ ತೊಂದರೆಯಿಲ್ಲ, ಅದಕ್ಕೆ ಹತ್ತುವುದು ಅಕ್ಕಿ ಮೂಟೆ, ಸಿಮೆಂಟ್ ಚೀಲ. ಬಸ್ಸಿಗೆ ಹತ್ತುವವರು ಮನುಷ್ಯರು.

ಹಾಗಾದರೆ ಕೆಳಗೆ ಒಂದು ಮೆಟ್ಟಿಲು ತೂಗುಬಿಟ್ಟರಾಗದೇ? ಈ ಪ್ರಯೋಗವನ್ನೂ ಕಂಡಿದ್ದೇನೆ. ಬಾಡಿ ಕಟ್ಟುವ ಒಂದು ಯಾರ್ಡಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೆಚ್ಚುವರಿ ಮೆಟ್ಟಿಲು ಜೋಡಿಸಿದ್ದರು. ಬ್ರಾಕೆಟ್ ಕೂರಿಸಲು ಫ್ರೇಮಿನ ಕೆಳಮಡಿಕೆಗೆ ತೂತು ಕೊರೆದರು. ಕೆಲವೇ ತಿಂಗಳಲ್ಲಿ ಆ ತೂತಿನ ಅಂಚಿನಿಂದ ಬಿರುಕು ಹೊರಟಿತು. ಚಾಸಿ ಕಲಿಸುವವರು ಮೊದಲ ದಿನವೇ ಹೇಳಿಕೊಡುವ ಪಾಠವಿದು. ಭಾರ ಬಿದ್ದ ತೊಲೆ ಬಾಗುತ್ತದೆ. ಬಾಗಿದಾಗ ಎಳೆತವೂ ಒತ್ತಡವೂ ಅತಿ ಹೆಚ್ಚು ಇರುವುದು ಅದರ ಮೇಲಂಚಿನಲ್ಲಿ ಮತ್ತು ಕೆಳಂಚಿನಲ್ಲಿ, ನಡುವೆ ಬಹುತೇಕ ಇಲ್ಲ. ಆದ್ದರಿಂದ ತೂತು ಏನಿದ್ದರೂ ನಿಂತ ಪಾರ್ಶ್ವದ ನಡುಭಾಗದಲ್ಲಿ. ಮೇಲಿನ ಕೆಳಗಿನ ಮಡಿಕೆಗಳನ್ನು ಕೊರೆಯಬಾರದು, ಅಲ್ಲಿ ವೆಲ್ಡಿಂಗ್ ಮಾಡಬಾರದು. ಇನ್ನು ಹಾಗೆ ತೂಗಿದ ಮೆಟ್ಟಿಲು ಮೊದಲ ದೊಡ್ಡ ಹಂಪಿಗೆ ಬಡಿದು ಕಿತ್ತುಹೋಗುತ್ತದೆ. ಎತ್ತರದ ಚಾಸಿ ಕೊಂಡುಕೊಂಡ ಮೇಲೆ ಅದನ್ನು ತೇಪೆ ಹಾಕಿ ತಗ್ಗಿಸಲು ಬರುವುದಿಲ್ಲ.

ನೆಲ ತಗ್ಗಿಸುವ ದಾರಿ ಜಗತ್ತಿಗೆ ಚೆನ್ನಾಗಿ ಗೊತ್ತಿದೆ. ನನ್ನ ಮಟ್ಟಿಗೆ ಚಾಸಿ ವಿನ್ಯಾಸದಲ್ಲಿ ಇದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿಲ್ಲ. ಎಂಜಿನ್ನನ್ನು ಹಿಂದಕ್ಕೆ ಒಯ್ದರೆ ಉದ್ದನೆಯ ಶಾಫ್ಟ್ ಮಾಯವಾಗುತ್ತದೆ. ಮುಂದಿನ ಅಚ್ಚನ್ನು ಚಕ್ರದ ನಡುಮಧ್ಯಕ್ಕಿಂತ ಕೆಳಕ್ಕೆ ಬಾಗಿಸಿ, ನಡೆಯುವ ದಾರಿ ಅದರ ಮೇಲೆ ಹಾದುಹೋಗುವಂತೆ ಮಾಡುತ್ತಾರೆ. ಹಿಂದಿನ ಅಚ್ಚಿಗೆ ಪೋರ್ಟಲ್ ಆಕ್ಸಲ್ ಎಂಬ ಜಾಣ ಉಪಾಯವಿದೆ. ಡಿಫರೆನ್ಷಿಯಲ್‌ನ ದಪ್ಪ ಉಬ್ಬನ್ನು ನಡುವಿನಿಂದ ಒಂದು ಬದಿಗೆ ಸರಿಸಿ, ಚಕ್ರದ ಹತ್ತಿರ ಒಂದು ಜೊತೆ ಗಿಯರ್ ಕೂರಿಸಿ, ಅಚ್ಚನ್ನೇ ಚಕ್ರದ ನಡುಮಧ್ಯಕ್ಕಿಂತ ತಗ್ಗಿಗೆ ಇಳಿಸುವುದು. ಚಕ್ರ ಅಷ್ಟೇ ದೊಡ್ಡದು, ಭಾರ ಅಷ್ಟೇ, ಆದರೆ ಎರಡು ಚಕ್ರಗಳ ನಡುವೆ ಮನುಷ್ಯರು ನಡೆದುಹೋಗಲು ಜಾಗ ಸಿಕ್ಕಿತು.

ಸ್ಪ್ರಿಂಗ್ ಪ್ಲೇಟಿನ ಬದಲು ಗಾಳಿಯ ಚೀಲಗಳು ಬರುತ್ತವೆ. ಪ್ಲೇಟಿನ ಬಿಗಿ ಒಂದೇ ಅಳತೆಯದು. ನೂರು ಜನ ತುಂಬಿದಾಗ ತಡೆಯುವಂತೆ ಮಾಡಿದ ಪ್ಲೇಟು ಖಾಲಿ ಬಸ್ಸಿನಲ್ಲಿ ಗಡುಸಾಗಿ, ಎತ್ತರವಾಗಿ ನಿಲ್ಲುತ್ತದೆ. ಕೊನೆಯ ಸೀಟಿನಲ್ಲಿ ಕೂತವರು ಹಂಪ್ ಬಂದಾಗ ಮೇಲಕ್ಕೆ ಎಗರುವುದಕ್ಕೆ ಇದೂ ಒಂದು ಕಾರಣ. ಗಾಳಿಯ ಚೀಲದಲ್ಲಿ ಜನ ಹೆಚ್ಚಾದರೆ ಕವಾಟವೊಂದು ಗಾಳಿ ತುಂಬುತ್ತದೆ, ಕಡಿಮೆಯಾದರೆ ಬಿಡುತ್ತದೆ, ನೆಲ ಸದಾ ಒಂದೇ ಮಟ್ಟದಲ್ಲಿರುತ್ತದೆ. ನಿಲ್ದಾಣದಲ್ಲಿ ಬಾಗಿಲಿನ ಕಡೆಯ ಗಾಳಿ ಬಿಟ್ಟು ಬಸ್ಸು ಐದಾರು ಸೆಂಟಿಮೀಟರ್ ಬಗ್ಗುವಂತೆಯೂ ಮಾಡಬಹುದು.

ನಮ್ಮಲ್ಲಿ ಇದಕ್ಕೆ ನಿಯಮವೇ ಇಲ್ಲ ಎನ್ನುವಂತಿಲ್ಲ. ಜೆನರ್ಮ್ ಎಂಬ ನಗರ ನವೀಕರಣ ಯೋಜನೆಯಲ್ಲಿ ನಗರಗಳಿಗೆ ಬಸ್ಸು ಕೊಳ್ಳಲು ಹಣ ಕೊಟ್ಟಾಗಲೇ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ನಗರ ಬಸ್ಸುಗಳ ಗುಣಲಕ್ಷಣ ಬರೆದಿಟ್ಟಿತು. ಮುಂದೆ ಪರಿಷ್ಕರಿಸಿತು ಕೂಡ. ಅದರಲ್ಲಿ ನೆಲದ ಎತ್ತರ 400, 650, 900 ಮಿಲಿಮೀಟರ್ ಎಂದು ಮೂರು ಬಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಸಾರಿಗೆ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. ಮೂರು ಆಯ್ಕೆ ಕೊಟ್ಟು ಅಗ್ಗದ ದರ ಕೂಗಿದವರಿಗೆ ಟೆಂಡರ್ ಎಂದರೆ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ. ಬ್ರಿಟನ್ ಆಯ್ಕೆ ಕೊಡಲಿಲ್ಲ, ಗಡುವು ಕೊಟ್ಟಿತು. 2016ರ ಜನವರಿಯ ಹೊತ್ತಿಗೆ ಸ್ಥಳೀಯ ಮಾರ್ಗದ ಒಂದಂತಸ್ತಿನ ಬಸ್ಸುಗಳು, 2017ರ ಜನವರಿಯ ಹೊತ್ತಿಗೆ ಡಬಲ್ ಡೆಕ್ಕರುಗಳು ಗಾಲಿಕುರ್ಚಿಯವರೂ ಹತ್ತುವಂತಿರಬೇಕು ಎಂದು ವರ್ಷಗಳ ಮುಂಚೆಯೇ ಕಾನೂನು ಮಾಡಿತು. ತಯಾರಕರು ಅದಕ್ಕೆ ತಕ್ಕ ಚಾಸಿ ಮಾಡಿದರು. ಎಂಜಿನಿಯರ್‌ಗೆ ಏನು ಬೇಕೆಂದು ಖಚಿತವಾಗಿ ಹೇಳಿದರೆ ಅವನು ಮಾಡಿಕೊಡುತ್ತಾನೆ, ಇದು ನನ್ನ ಅನುಭವ.

ಇನ್ನು ನಮ್ಮ ರಸ್ತೆ. ‘ಈ ಗುಂಡಿ, ಈ ಹಂಪು ಇಟ್ಟುಕೊಂಡು ತಗ್ಗು ಬಸ್ಸು ಓಡಿಸೋದು ಹೇಗೆ ಸಾರ್’ ಎಂದು ಡಿಪೋ ಮೆಕ್ಯಾನಿಕ್ಕುಗಳು ನನ್ನನ್ನು ಕೇಳಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ಬರುವುದಿಲ್ಲ, ಹೊಟ್ಟೆ ಉಜ್ಜಿದ ಬಸ್ಸನ್ನು ರಿಪೇರಿ ಮಾಡುವವರು ಅವರೇ. ಮುಂದಿನ ಚಕ್ರ ಹಂಪ್ ಇಳಿದು ಹಿಂದಿನ ಚಕ್ರ ಇನ್ನೂ ಹತ್ತದೆ ಇರುವ ಕ್ಷಣದಲ್ಲಿ ಹಂಪಿನ ಪೂರ್ತಿ ಎತ್ತರ ಬಸ್ಸಿನ ಹೊಟ್ಟೆಯಡಿ ಇರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲ್ಮೈ 17 ಮೀಟರ್ ತ್ರಿಜ್ಯದ ಕಮಾನು. ಅಂಥ ಹಂಪನ್ನು ತಗ್ಗು ನೆಲದ ಬಸ್ಸು ಆರಾಮವಾಗಿ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿ, ಹಳ್ಳಿಯ ಶಾಲೆಗಳ ಮುಂದೆ ರಾತ್ರೋರಾತ್ರಿ ಏಳುವ ಹಂಪುಗಳ ಅಗಲ ಒಂದು ಮಾರು ಇದ್ದರೆ ಹೆಚ್ಚು, ಎತ್ತರಕ್ಕೆ ಲೆಕ್ಕವಿಲ್ಲ. ಆ ಹಂಪಿಗೆ ಹೆದರಿ ಬಸ್ಸಿನ ಹೊಟ್ಟೆ ಮೇಲೇರುತ್ತದೆ, ಹೊಟ್ಟೆಯ ಜೊತೆ ನೆಲ, ನೆಲದ ಜೊತೆ ಮೆಟ್ಟಿಲು. ಅಳತೆಯಿಲ್ಲದೆ ಡಾಂಬರು ಸುರಿದವನ ತಪ್ಪಿಗೆ ನನ್ನ ಅಕ್ಕ ದಿನವೂ ದಂಡ ಕಟ್ಟುತ್ತಿದ್ದಾಳೆ. ಸರಿಪಡಿಸಬೇಕಾದದ್ದು ಹಂಪನ್ನು. ಬಸ್ ಮಾರ್ಗದ ಹಂಪುಗಳನ್ನು ಮಾರ್ಗಸೂಚಿಗೆ ತರುವುದು ಸಾರಿಗೆ ನಿಗಮದ ಕೈಯಲ್ಲಿಲ್ಲ, ಲೋಕೋಪಯೋಗಿ ಇಲಾಖೆಯೂ ಪಾಲಿಕೆಗಳೂ ಪಂಚಾಯಿತಿಗಳೂ ಕೈಜೋಡಿಸಬೇಕು. ಸಾರಿಗೆ ಸಚಿವರು ಒಂದು ಸಭೆ ಕರೆದು ಆರಂಭಿಸಬಹುದಾದ ಕೆಲಸ.

ನೆಲ ತಗ್ಗಿಸದೆಯೂ ಇನ್ನೊಂದು ದಾರಿಯಿದೆ, ನಿಲ್ದಾಣವನ್ನೇ ಎತ್ತರಿಸುವುದು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸು ಹಾಗೆಯೇ: ಬಸ್ಸಿನ ನೆಲದ ಮಟ್ಟಕ್ಕೆ ನಿಲ್ದಾಣದ ಕಟ್ಟೆ, ಮೆಟ್ರೊ ರೈಲಿಗೆ ಕಾಲಿಟ್ಟಂತೆ ಒಳಗೆ ಕಾಲಿಟ್ಟರಾಯಿತು. ನಿಗದಿತ ಮಾರ್ಗಕ್ಕೆ ಇದು ಒಳ್ಳೆಯದು. ಊರೂರಿನ ಆಲದ ಮರದಡಿ ಅಂಥ ಕಟ್ಟೆ ಕಟ್ಟಲಾಗದು.

ನನಗೆ ಆಸೆ ಇರುವುದೂ ಆತಂಕ ಇರುವುದೂ ವಿದ್ಯುತ್ ಬಸ್ಸುಗಳ ಮೇಲೆ. ಆಸೆ ಯಾಕೆಂದರೆ ಎಂಜಿನ್ನು, ಗಿಯರ್ ಬಾಕ್ಸು, ಉದ್ದನೆಯ ಶಾಫ್ಟು, ಡೀಸೆಲ್ ಟ್ಯಾಂಕು ಎಲ್ಲ ಒಂದೇ ಸಲಕ್ಕೆ ಹೊರಟುಹೋಗುತ್ತವೆ. ಹಿಂದಿನ ಎಂಜಿನ್ನಿಗೆ ಧೂಳು ನುಗ್ಗುವ ತೊಂದರೆಯೂ ಹೋಯಿತು. ಮೋಟಾರನ್ನು ಹಿಂದಿನ ಅಚ್ಚಿನ ಹತ್ತಿರವೇ ಕೂರಿಸಬಹುದು. ಚಾಸಿಯನ್ನು ಖಾಲಿ ಹಾಳೆಯ ಮೇಲೆ ಹೊಸದಾಗಿ ಗೀಚುವ ಅವಕಾಶ ನನ್ನ ತಲೆಮಾರಿನ ಎಂಜಿನಿಯರ್‌ಗಳಿಗೆ ಸಿಗಲಿಲ್ಲ, ಈಗಿನವರಿಗೆ ಸಿಕ್ಕಿದೆ. ಬೆಂಗಳೂರಿನಲ್ಲಿ ಎಸಿ ಇಲ್ಲದ ವಿದ್ಯುತ್ ಬಸ್ಸುಗಳ ನೆಲ ಹಳೆಯ ಡೀಸೆಲ್ ಬಸ್ಸಿಗಿಂತ ತಗ್ಗು. ಅಕ್ಕನನ್ನು ಒಮ್ಮೆ ಅದರಲ್ಲಿ ಕರೆದೊಯ್ದಾಗ ಅವಳು ಚೀಲವನ್ನು ಕೆಳಗಿಡಲೇ ಇಲ್ಲ, ಹಿಡಿದುಕೊಂಡೇ ಹತ್ತಿದಳು.

ಆತಂಕ ಬ್ಯಾಟರಿಯದು. 12 ಮೀಟರ್ ಬಸ್ಸಿನ ಬ್ಯಾಟರಿ ಟನ್‌ಗಟ್ಟಲೆ ತೂಗುತ್ತದೆ, ಅದನ್ನು ಎಲ್ಲಿಡಬೇಕು? ಚಾವಣಿಯ ಮೇಲಿಟ್ಟರೆ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ಬಸ್ಸು ಹೆಚ್ಚು ವಾಲುತ್ತದೆ, ಚಾವಣಿಯ ಕಟ್ಟನ್ನು ಬಲಪಡಿಸಬೇಕಾಗುತ್ತದೆ. ಎಲ್ಲವನ್ನೂ ಹಿಂದೆ ಪೇರಿಸಿದರೆ ಹಿಂದಿನ ಅಚ್ಚಿನ ಮೇಲೆ ಹೊರೆ ಬೀಳುತ್ತದೆ. ನಾಲ್ಕು ಟೈರಿನ ಒಂಟಿ ಅಚ್ಚಿಗೆ ನಮ್ಮ ಕಾನೂನು ಬಿಡುವುದು 11.5 ಟನ್. ಹಲವು ಕಡೆ ಹಂಚಿಡುವುದು ಸರಿಯಾದ ದಾರಿ, ಆದರೆ ಅದಕ್ಕೆ ದುಡಿಮೆಯೂ ಹಣವೂ ಹೆಚ್ಚು. ಎಲ್ಲಕ್ಕಿಂತ ಸುಲಭ ಎಂದರೆ ಹಳೆಯ ಲಾರಿ ಫ್ರೇಮನ್ನೇ ಇಟ್ಟುಕೊಂಡು ಎರಡು ತೊಲೆಗಳ ನಡುವೆ, ಅಕ್ಕಪಕ್ಕ ಬ್ಯಾಟರಿ ತುಂಬಿ ಮೇಲೆ ಹಲಗೆ ಹಾಸುವುದು. ಆಗ ಹೊಗೆ ಹೋಗುತ್ತದೆ, ಸದ್ದು ಹೋಗುತ್ತದೆ, ಮೀಟರ್ ಎತ್ತರದ ನೆಲ ಮಾತ್ರ ಹಾಗೇ ಉಳಿಯುತ್ತದೆ. ಈ ಬಸ್ಸುಗಳು ಹತ್ತು ಹನ್ನೆರಡು ವರ್ಷ ಓಡುತ್ತವೆ. ಈಗ ತಪ್ಪಿದರೆ ತಿದ್ದಲು ಅಷ್ಟು ಕಾಲ ಕಾಯಬೇಕು.

ತಗ್ಗು ನೆಲಕ್ಕೆ ಬೆಲೆ ಹೆಚ್ಚು, ನಿಜ. ಪೋರ್ಟಲ್ ಆಕ್ಸಲ್ ಅಗ್ಗದ ವಸ್ತುವಲ್ಲ, ಗಾಳಿಯ ಚೀಲಗಳಿಗೆ ಆರೈಕೆ ಬೇಕು, ಚಕ್ರದ ಗೂಡುಗಳಿಂದಾಗಿ ನಾಲ್ಕಾರು ಸೀಟು ಕಡಿಮೆಯಾಗುತ್ತವೆ. ಆದರೆ ನಿಲ್ದಾಣದಲ್ಲಿ ಒಬ್ಬೊಬ್ಬರೂ ಕಂಬಿ ಹಿಡಿದು ಹತ್ತಿಳಿಯುವಷ್ಟು ಹೊತ್ತು ಬಸ್ಸು ನಿಂತಿರುತ್ತದೆ, ಆ ಸಮಯವೂ ನಿಗಮದ ದುಡ್ಡೇ. ಬೀಳುವವರ ಸೊಂಟದ ಮೂಳೆಯ ಖರ್ಚನ್ನು ಯಾವ ಟೆಂಡರ್ ಸಮಿತಿಯೂ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ಹಳ್ಳಿ ಮಾರ್ಗಕ್ಕೂ 400 ಮಿಲಿಮೀಟರ್ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಕೆರೆ ಏರಿ, ಹಳ್ಳದ ದಾರಿ, ಮಣ್ಣಿನ ರಸ್ತೆಗೆ ಅದು ಸಲ್ಲದು. ಅಲ್ಲಿಗೆ 650 ಮಿಲಿಮೀಟರಿನ ಬಸ್ಸು ಸಾಕು. ಈಗಿನದಕ್ಕಿಂತ ಒಂದೂವರೆ ಗೇಣಾದರೂ ಕೆಳಗೆ, ಮೆಟ್ಟಿಲೂ ಒಂದು ಕಡಿಮೆ. ನಗರದೊಳಗೆ ಓಡುವ ಬಸ್ಸು ಮಾತ್ರ, ಎಸಿ ಇರಲಿ ಇಲ್ಲದಿರಲಿ, 400 ಮಿಲಿಮೀಟರ್ ಮೀರಬಾರದು. ಟೆಂಡರಿನ ಮೊದಲ ಸಾಲಿನಲ್ಲೇ ಇದು ಬರಲಿ, ಪಾಲಿಸದ ದರಪಟ್ಟಿಯನ್ನು ತೆರೆಯುವುದೇ ಬೇಡ. ಪ್ರತಿ ಬಸ್ಸಿನ ಬಾಗಿಲ ಪಕ್ಕದಲ್ಲಿ, ಆಸನಗಳ ಸಂಖ್ಯೆ ಬರೆಯುವ ಹಾಗೆ, ನೆಲದ ಎತ್ತರವನ್ನೂ ಬರೆಯಲಿ.

ನಮ್ಮ ಕ್ಷೇತ್ರಕ್ಕೆ ಎಷ್ಟು ಹೊಸ ಬಸ್ಸು ಎಂದು ಶಾಸಕರು ಸದನದಲ್ಲಿ ಕೇಳುತ್ತಾರೆ, ಉತ್ತರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ಅಧಿವೇಶನದಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಆ ಬಸ್ಸುಗಳ ನೆಲ ಎಷ್ಟು ಮಿಲಿಮೀಟರ್ ಎತ್ತರ ಎಂದೂ ಕೇಳಲಿ. ಕೇಳುವಂತೆ ನಿಮ್ಮ ಶಾಸಕರಿಗೆ ನೀವೂ ಒಂದು ಕಾಗದ ಬರೆಯಿರಿ.